ಚಿಮಣಿಗಿಂತ ಮೊದಲು ನಮ್ಮ ಗೇಟು ನೋಡಿ: ನೆರೆಯ ಊರವರಿಗೆ ಸಿಮೆಂಟ್ ಕಿಲ್ನಿನವರ ಬಹಿರಂಗ ಪತ್ರ

ಮುಧೋಳ ತಾಲ್ಲೂಕಿನ ನಮ್ಮ ಕಾರ್ಖಾನೆಯ ಸುತ್ತಲಿನ ಊರುಗಳ ಹಿರಿಯರಿಗೆ, ಪಂಚಾಯಿತಿ ಸದಸ್ಯರಿಗೆ, ರೈತರಿಗೆ, ಲಾರಿ ಹಾದಿಯ ಅಂಗಡಿಯವರಿಗೆ,

ನಮಸ್ಕಾರ.

‘ಫ್ಯಾಕ್ಟರ್‍ಯಾಗ ಕಸಾ ಸುಡ್ತಾರಂತ’ ಎಂಬ ಮಾತು ಊರೊಳಗೆ ಓಡಾಡುತ್ತಿದೆ. ಮಾತು ಸುಳ್ಳಲ್ಲ. ಕಲ್ಲಿದ್ದಲು ಮತ್ತು ಪೆಟ್‌ಕೋಕ್ (ಕಚ್ಚಾ ಎಣ್ಣೆ ಶುದ್ಧೀಕರಿಸಿದಾಗ ಉಳಿಯುವ ಕಲ್ಲಿದ್ದಲಿನಂಥ ಇಂಧನ) ಇವುಗಳ ಒಂದು ಪಾಲಿನ ಬದಲು ನಗರಗಳ ಒಣಕಸದಿಂದ ತಯಾರಾದ ಇಂಧನ ಬಳಸಲು ಹೊರಟಿದ್ದೇವೆ. ಅದಕ್ಕೆ ಆರ್‌ಡಿಎಫ್ (ರೆಫ್ಯೂಸ್ ಡಿರೈವ್ಡ್ ಫ್ಯೂಯೆಲ್) ಎನ್ನುತ್ತಾರೆ. ಮೊದಲು ಕಿಲ್ನಿಗೆ, ಅಂದರೆ ಸಿಮೆಂಟಿಗಾಗಿ ಕಲ್ಲಿನ ಹಿಟ್ಟು ಸುಡುವ ಒಲೆಗೆ, ಬೇಕಾಗುವ ಶಾಖದ ನೂರಕ್ಕೆ 5ರಷ್ಟು, ಅದು ಸರಿಯಾಗಿ ನಡೆದರೆ 10ರಷ್ಟು. ಇದನ್ನು ಬರೆಯುತ್ತಿರುವವರು ಕಿಲ್ನ್ ಕಂಟ್ರೋಲ್ ರೂಮಿನವರು, ಲ್ಯಾಬಿನವರು, ಪರಿಸರ ವಿಭಾಗದವರು. ಜಾಹೀರಾತಿನವರು ನಾವಲ್ಲ, ಆದ್ದರಿಂದ ‘ಹಸಿರು’ ಎಂಬ ಪದವನ್ನು ಈ ಪತ್ರದಿಂದ ದೂರ ಇಡಲು ನೋಡಿದ್ದೇವೆ.

ನೀವೆಲ್ಲ ಕೇಳುವುದು ಹೊಗೆಯ ಬಗ್ಗೆ. ಅದನ್ನೂ ಹೇಳುತ್ತೇವೆ. ಆದರೆ ಚಿಮಣಿ ಕೊನೆಯ ಸಾಕ್ಷಿ. ತಪ್ಪು ನಡೆಯುವುದು ಲಾರಿ ಬಂದು ನಿಲ್ಲುವ ಗೇಟಿನಲ್ಲಿ ಮತ್ತು ಸರಕು ಇಳಿಸುವ ಶೆಡ್ಡಿನಲ್ಲಿ. ಅದು ಚಿಮಣಿಯ ತುದಿಗೆ ಬಂದು ನಿಮ್ಮ ಕಣ್ಣಿಗೆ ಬೀಳುವುದು ಒಂದೆರಡು ದಿನ ಬಿಟ್ಟು. ಹಾಗಾಗಿ ನೀವು ನಮ್ಮನ್ನು ಎಲ್ಲಿ ಹಿಡಿದು ಕೇಳಬೇಕು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಆರ್‌ಡಿಎಫ್ ಎಂದರೆ ತಿಪ್ಪೆಯನ್ನು ಹಾಗೇ ತುಂಬಿ ತಂದದ್ದಲ್ಲ. ನಗರದ ಸಂಸ್ಕರಣಾ ಘಟಕದಲ್ಲಿ ಹಸಿ ಕಸ, ಮಣ್ಣು, ಕಲ್ಲು, ಗಾಜು, ಕಬ್ಬಿಣ ಬೇರೆ ಮಾಡಿ, ಗುಜರಿಗೆ ಬೆಲೆ ಸಿಗುವ ಪ್ಲಾಸ್ಟಿಕ್ ಆರಿಸಿಕೊಂಡ ಮೇಲೆ ಕೊನೆಗೆ ಉಳಿಯುವ ಸರಕು ಅದು: ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟಿ, ಹರಿದ ಕ್ಯಾರಿಬ್ಯಾಗ್, ನೆನೆದ ರಟ್ಟು, ಚಿಂದಿ ಬಟ್ಟೆ, ಕಟ್ಟಿಗೆ ಚೂರು. ಇದನ್ನು ಯಾರೂ ಕೊಳ್ಳುವುದಿಲ್ಲ; ಹೂಳಿದರೆ ಇದರಲ್ಲಿನ ಪ್ಲಾಸ್ಟಿಕ್ ಕರಗುವುದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಿಲೋಗೆ 1500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಾಖ ಕೊಡುವ, ಮರುಬಳಕೆಯಾಗದ ಕಸವನ್ನು ಹೂಳಬಾರದು ಎಂದವು. ಆರ್‌ಡಿಎಫ್ ಘಟಕದಿಂದ 100 ಕಿಲೋಮೀಟರ್ ಒಳಗಿರುವ, ಇಂಧನ ಸುಡುವ ಕೈಗಾರಿಕೆಗಳು ಕನಿಷ್ಠ ನೂರಕ್ಕೆ 5ರಷ್ಟನ್ನು ಇದರಿಂದ ತುಂಬಿಕೊಳ್ಳಬೇಕು ಎಂದೂ ಹೇಳಿದವು. ನಾವು 5ರಿಂದ ಶುರು ಮಾಡುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ ದುಡ್ಡು. ಪೆಟ್‌ಕೋಕ್ ದುಬಾರಿ. ಮುಚ್ಚಿಡುವುದೇನಿದೆ?

ಮಹಾಲಿಂಗಪುರ, ಮುಧೋಳ ಕಡೆ ಬೆಲ್ಲದ ಗಾಣ ನೋಡಿದವರಿಗೆ ಉರಿಯ ವಿಷಯ ನಾವು ಕಲಿಸಬೇಕಿಲ್ಲ. ಕಬ್ಬಿನ ಸಿಪ್ಪೆ ಚೆನ್ನಾಗಿ ಒಣಗಿದ್ದರೆ ಒಲೆ ಭುಗಿಲೆನ್ನುತ್ತದೆ, ಹೊಗೆ ತೆಳುವಾಗಿರುತ್ತದೆ. ಮಳೆಗೆ ನೆನೆದದ್ದನ್ನು ತುರುಕಿದರೆ ಕರಿ ಹೊಗೆ ಎದ್ದು ಕಣ್ಣುರಿ ಬರುತ್ತದೆ, ಪಾಕವೂ ಕೆಡುತ್ತದೆ. ಒಲೆ ಅದೇ, ಬದಲಾದದ್ದು ಒಳಗೆ ಹೋದ ಸರಕು. ಕಿಲ್ನೂ ಹಾಗೇ, ಅಳತೆ ಮಾತ್ರ ದೊಡ್ಡದು. ತಿರುಗುವ ಕೊಳವೆಯೊಳಗೆ ಸುಣ್ಣದಕಲ್ಲಿನ ಹಿಟ್ಟು 1450 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕ್ಲಿಂಕರ್ (ಅರೆದರೆ ಸಿಮೆಂಟ್ ಆಗುವ ಗಟ್ಟಿ ಉಂಡೆ) ಆಗುತ್ತದೆ, ಅಲ್ಲಿನ ಜ್ವಾಲೆ 2000 ಡಿಗ್ರಿಯ ಹತ್ತಿರ ಇರುತ್ತದೆ. ಅದಕ್ಕೆ ಮೊದಲು ಬರುವ ಕ್ಯಾಲ್ಸೈನರ್ ಎಂಬ ಎತ್ತರದ ಪಾತ್ರೆಯಲ್ಲಿ 850ರಿಂದ 900 ಡಿಗ್ರಿ. ಆರ್‌ಡಿಎಫ್ ಹಾಕುವುದು ಈ ಕ್ಯಾಲ್ಸೈನರಿಗೆ. ಅಲ್ಲಿ ಅನಿಲ ಕೆಲವು ಸೆಕೆಂಡು ಸುಣ್ಣದ ಹಿಟ್ಟಿನ ಮೋಡದೊಳಗೆ ಸುತ್ತುತ್ತದೆ. ಗಂಧಕವಾಗಲಿ, ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಲಿ ಹುಟ್ಟಿದರೆ ಬಹುಪಾಲನ್ನು ಸುಣ್ಣವೇ ಹಿಡಿದುಕೊಳ್ಳುತ್ತದೆ. ಬೂದಿ ಕ್ಲಿಂಕರಿನಲ್ಲೇ ಸೇರುತ್ತದೆ. ಹೊರಗೆ ಸುರಿಯಲು ಬೂದಿಗುಡ್ಡ ಉಳಿಯುವುದಿಲ್ಲ. ಊರ ಹೊರಗೆ ಕಸದ ರಾಶಿಗೆ ಕಡ್ಡಿ ಗೀರಿದಾಗ ಈ ಬಿಸಿಯೂ ಇಲ್ಲ, ಈ ಸುಣ್ಣವೂ ಇಲ್ಲ. ಎರಡನ್ನೂ ‘ಕಸ ಸುಡುವುದು’ ಎಂದು ಒಂದೇ ಹೆಸರಿನಿಂದ ಕರೆಯುವುದು ತಪ್ಪು. ಆದರೆ ಕಿಲ್ನ್ ಏನು ಹಾಕಿದರೂ ಅರಗಿಸಿಕೊಳ್ಳುತ್ತದೆ ಎನ್ನುವುದೂ ಅಷ್ಟೇ ತಪ್ಪು. ಈ ಎರಡನೆಯ ತಪ್ಪನ್ನು ಮಾಡುವವರು ನಮ್ಮ ಉದ್ಯಮದಲ್ಲೇ ಹೆಚ್ಚು.

ಲೆಕ್ಕಕ್ಕೆ ಬರೋಣ. ದಿನಕ್ಕೆ 3000 ಟನ್ ಕ್ಲಿಂಕರ್ ಎಂದು ಹಿಡಿಯಿರಿ. ಒಂದು ಕಿಲೋ ಕ್ಲಿಂಕರಿಗೆ ಸುಮಾರು 730 ಕಿಲೋಕ್ಯಾಲರಿ ಬೇಕು. ಒಟ್ಟು 219 ಕೋಟಿ ಕಿಲೋಕ್ಯಾಲರಿ. ಪೂರಾ ಪೆಟ್‌ಕೋಕ್‌ನಲ್ಲೇ ನಡೆಸಿದರೆ, ಅದರ ಶಾಖ ಕಿಲೋಗೆ 8000 ಎಂದರೆ, ದಿನಕ್ಕೆ 274 ಟನ್. ಇದರ ನೂರಕ್ಕೆ 10 ಪಾಲು ಬಿಡಬೇಕೆಂದರೆ ಸುಮಾರು 27 ಟನ್ ಪೆಟ್‌ಕೋಕ್ ಉಳಿಯುತ್ತದೆ. ಅಷ್ಟು ಶಾಖಕ್ಕೆ ಕಿಲೋಗೆ 3000 ಕೊಡುವ ಆರ್‌ಡಿಎಫ್ 73 ಟನ್ ಬೇಕು. ಪೆಟ್‌ಕೋಕ್ ಆದರೆ ಒಂದು ದೊಡ್ಡ ಟ್ರಕ್ಕಿನ ಸರಕು. ಆರ್‌ಡಿಎಫ್ ಹತ್ತಿಯಂತೆ ಉಬ್ಬಿದ ಸರಕು, ಒಂದು ಲಾರಿಗೆ 9 ಟನ್ ಹಿಡಿದರೂ ಎಂಟು ಲಾರಿ. ಅಂದರೆ ಈ ಬದಲಾವಣೆಯಿಂದ ನಿಮ್ಮ ಹಾದಿಯಲ್ಲಿ ದಿನಕ್ಕೆ ಏಳು ಲಾರಿ ಹೆಚ್ಚಾಗುತ್ತವೆ, ಹೋಗಿ ಬರುವುದು ಸೇರಿ ಹದಿನಾಲ್ಕು ಓಡಾಟ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ನಡುವೆ ಇವೂ ಸೇರುತ್ತವೆ. ಇದನ್ನು ಯಾರೂ ನಿಮಗೆ ಮೊದಲೇ ಹೇಳುವುದಿಲ್ಲ, ಆದ್ದರಿಂದ ಹೇಳುತ್ತಿದ್ದೇವೆ. ಶಾಲೆ ಬಿಡುವ, ಕೂಡುವ ಹೊತ್ತಿನಲ್ಲಿ ಲಾರಿ ಊರೊಳಗೆ ಬರಬಾರದು; ತಾಡಪತ್ರಿ ಕಟ್ಟದ ಲಾರಿಗೆ ತೂಕದ ಚೀಟಿ ಸಿಗಬಾರದು. ಎರಡೂ ಸಾಗಣೆ ಕರಾರಿನಲ್ಲಿ ಬರೆದಿರಬೇಕು. ಪಂಚಾಯಿತಿ ಆ ಪುಟವನ್ನು ಕೇಳಿ ಪಡೆಯಲಿ.

ಈಗ ಗೇಟು.

ಲಾರಿ ತೂಕದ ಕಟ್ಟೆ ಹತ್ತಿದ ಕೂಡಲೇ ಒಳಗೆ ಬಿಡುವಂತಿಲ್ಲ. ಕಳುಹಿಸಿದ ಘಟಕದ ಚೀಟಿ, ಅವರ ಲ್ಯಾಬ್ ವರದಿ ನೋಡುತ್ತೇವೆ. ಅಪಾಯಕಾರಿ ವರ್ಗದ ಕೈಗಾರಿಕಾ ತ್ಯಾಜ್ಯವಾದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಫಾರ್ಮ್ 10 ಮ್ಯಾನಿಫೆಸ್ಟ್, ಅಂದರೆ ಸಾಗಣೆ ಚೀಟಿ, ಇರಲೇಬೇಕು, ಅದಿಲ್ಲದ ಲಾರಿಯ ಹಗ್ಗವನ್ನೂ ಬಿಚ್ಚುವುದಿಲ್ಲ. ಆಮೇಲೆ ಮಾದರಿ. ಇಲ್ಲೇ ಮೋಸ ನಡೆಯುವುದು. ಲಾರಿಯ ಬಾಗಿಲ ಹತ್ತಿರ ಒಣ ಸರಕು, ನಡುವೆ ತೊಯ್ದದ್ದು, ತಳದಲ್ಲಿ ಮಣ್ಣು. ಮೇಲಿಂದ ಒಂದು ಹಿಡಿ ತೆಗೆದರೆ ಸಿಗುವುದು ಕಳುಹಿಸಿದವರು ತೋರಿಸಬೇಕೆಂದದ್ದು ಮಾತ್ರ. ಆದ್ದರಿಂದ ಲಾರಿಯನ್ನು ಬೇರೆ ಕಟ್ಟೆಯ ಮೇಲೆ ಪೂರಾ ಸುರಿಸಿ, ಲೋಡರಿನಿಂದ ರಾಶಿ ಹರಡಿ, ಹತ್ತು ಕಡೆಯಿಂದ ತೆಗೆದು, ಕೂಡಿಸಿ ಕಲೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಟ್ಟು, ಮತ್ತೆ ಕಲೆಸಿ, ಕೊನೆಗೆ ಉಳಿದದ್ದನ್ನು ಲ್ಯಾಬಿಗೆ ಒಯ್ಯಬೇಕು. ಒಂದು ಲಾರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಐದು ನಿಮಿಷದಲ್ಲಿ ಮಾದರಿ ಮುಗಿಯುತ್ತಿದ್ದರೆ ಮಾದರಿ ತೆಗೆಯುತ್ತಿಲ್ಲ ಎಂದೇ ತಿಳಿಯಿರಿ.

ಲ್ಯಾಬಿನಲ್ಲಿ ನಾಲ್ಕು ಸಂಗತಿ: ತೇವ, ಬೂದಿ, ಶಾಖ, ಕ್ಲೋರಿನ್. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2018ರ ಮಾರ್ಗಸೂಚಿ ಆರ್‌ಡಿಎಫ್ ಅನ್ನು ದರ್ಜೆಗಳಾಗಿ ವಿಂಗಡಿಸಿದೆ. ಮೂರನೇ ದರ್ಜೆಗೆ ಕನಿಷ್ಠ 3000 ಕಿಲೋಕ್ಯಾಲರಿ ಇರಬೇಕು, ತೇವ ನೂರಕ್ಕೆ 20 ದಾಟಬಾರದು. ಮೊದಲ ದರ್ಜೆಗೆ 4500 ಕಿಲೋಕ್ಯಾಲರಿ, ತೇವ 10ರೊಳಗೆ. ತೇವದ ಆಟ ನೋಡಿ. ನಮ್ಮ ಲೆಕ್ಕದ 73 ಟನ್ನಿನಲ್ಲಿ ತೇವ 20ರ ಬದಲು 35 ಇದ್ದರೆ ದಿನಕ್ಕೆ ಹೆಚ್ಚುವರಿ 11 ಟನ್ ನೀರು. ಒಂದು ನೀರಿನ ಟ್ಯಾಂಕರನ್ನು ದಿನಾ ಒಲೆಗೆ ಸುರಿದಂತೆ. ಅದನ್ನು ಆವಿ ಮಾಡುವುದಕ್ಕೇ ಶಾಖ ಖರ್ಚು. ಆವಿಯ ಗಾತ್ರ ಫ್ಯಾನಿನ ಮೇಲೆ ಬೀಳುತ್ತದೆ. ಫ್ಯಾನು ಎಳೆಯಲಾರದಾದಾಗ ಆಮ್ಲಜನಕ ಕಡಿಮೆಯಾಗಿ ಅರೆಬೆಂದ ಅನಿಲ, ಅಂದರೆ ಕಾರ್ಬನ್ ಮಾನಾಕ್ಸೈಡ್, ಏರುತ್ತದೆ. ಹಿಂಗಾರಿ ಮಳೆ ಹೊಡೆಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬರುವ ಲಾರಿಗಳ ಬಗ್ಗೆ ನಮಗೆ ಇರುವ ಅಂಜಿಕೆ ಇದೇ.

ತೇವ ಕಣ್ಣಿಗೆ ಕಾಣುತ್ತದೆ, ಕೈಗೆ ಹತ್ತುತ್ತದೆ. ಕ್ಲೋರಿನ್ ಕಾಣುವುದಿಲ್ಲ. ಕಿಲ್ನಿನವರ ನಿದ್ದೆ ಕೆಡಿಸುವುದು ಅದು.

ನೀವು ಕಬ್ಬಿಗೆ ಹಾಕುವ ಪೊಟ್ಯಾಶ್ ಗೊಬ್ಬರ, ಎಂಒಪಿ, ರಸಾಯನದ ಲೆಕ್ಕದಲ್ಲಿ ಪೊಟ್ಯಾಸಿಯಂ ಕ್ಲೋರೈಡ್. ಅದೇ ಉಪ್ಪು ಕಿಲ್ನಿನೊಳಗೂ ತಯಾರಾಗುತ್ತದೆ: ಸುಣ್ಣದಕಲ್ಲು ಮತ್ತು ಜೇಡಿಮಣ್ಣಿನಲ್ಲಿರುವ ಪೊಟ್ಯಾಶಿಯಂ, ಇಂಧನದಲ್ಲಿ ಬಂದ ಕ್ಲೋರಿನ್ ಕೂಡಿ. ಈ ಉಪ್ಪು 770 ಡಿಗ್ರಿಗೆ ಕರಗುತ್ತದೆ. 1450 ಡಿಗ್ರಿಯ ಜಾಗದಲ್ಲಿ ಆವಿಯಾಗಿ ಹಾರಿ, ಮೇಲಿನ ಕೊಳವೆಯಲ್ಲಿ ಬಿಸಿ ಇಳಿದ ಕಡೆ ಹಿಟ್ಟಿನ ಕಣಗಳ ಮೇಲೆ ಬೆವರಿನಂತೆ ಕೂತು ಅಂಟಾಗುತ್ತದೆ. ಅಂಟಿದ ಹಿಟ್ಟು ಮತ್ತೆ ಕಿಲ್ನಿಗೆ ಇಳಿಯುತ್ತದೆ, ಉಪ್ಪು ಮತ್ತೆ ಆವಿಯಾಗುತ್ತದೆ. ಹೊರಗೆ ಹೋಗಲು ದಾರಿ ಸಿಗದೆ ಅಲ್ಲೇ ಸುತ್ತುತ್ತ, ಸುತ್ತಿಗೊಮ್ಮೆ ಹೆಚ್ಚುತ್ತದೆ. ಕೆಳಗಿನ ಸೈಕ್ಲೋನಿನ (ಬಿಸಿ ಅನಿಲದಿಂದ ಹಿಟ್ಟನ್ನು ಬೇರ್ಪಡಿಸುವ ಪಾತ್ರೆಯ) ಶಂಕುವಿನಲ್ಲಿ, ಕಿಲ್ನಿನ ಬಾಯಿಯ ಮೇಲಿನ ಕೊಳವೆಯಲ್ಲಿ ಗೋಡೆಗೆ ಪದರ ಪದರವಾಗಿ ಕಟ್ಟುತ್ತದೆ. ಅದನ್ನು ಉದುರಿಸಲು ಏರ್ ಬ್ಲಾಸ್ಟರ್ ಇಟ್ಟಿರುತ್ತೇವೆ. ಒತ್ತಿ ಹಿಡಿದ ಗಾಳಿಯನ್ನು ಒಮ್ಮೆಲೇ ಬಿಡುವ ಉರುಳೆ. ರಾತ್ರಿ ಹೊತ್ತು ಕೆಲವು ನಿಮಿಷಕ್ಕೊಮ್ಮೆ ಕೇಳುವ ‘ಢಬ್’ ಸದ್ದು ಅದೇ, ಗಣಿಯ ಬ್ಲಾಸ್ಟಿಂಗ್ ಅಲ್ಲ. ಆರ್‌ಡಿಎಫ್ ಶುರುವಾದ ಮೇಲೆ ಈ ಸದ್ದು ಹೆಚ್ಚಾಗುತ್ತದೆ. ಹಠಾತ್ತನೆ ಬಹಳ ಹೆಚ್ಚಿದರೆ ಒಳಗೆ ಅಂಟು ಕಟ್ಟುತ್ತಿದೆ ಎಂದು ನೀವು ಮನೆಯಲ್ಲೇ ಮಲಗಿ ತಿಳಿಯಬಹುದು.

ಅಂಟು ಗೆದ್ದರೆ ಸೈಕ್ಲೋನ್ ಕಟ್ಟಿಕೊಳ್ಳುತ್ತದೆ. ಶಂಕುವಿನ ಒತ್ತಡ ತೋರಿಸುವ ಗೆರೆ ಪರದೆಯ ಮೇಲೆ ಸೊನ್ನೆಗೆ ಬೀಳುತ್ತದೆ. ಆಪರೇಟರ್ ಕೂಡಲೇ ಹಿಟ್ಟು ನಿಲ್ಲಿಸಬೇಕು. ತಡ ಮಾಡಿದಷ್ಟೂ 800 ಡಿಗ್ರಿ ದಾಟಿದ ಹಿಟ್ಟು ಟನ್‌ಗಟ್ಟಲೆ ಮೇಲೆ ಪೇರಿಕೊಳ್ಳುತ್ತದೆ. ಆ ಹಿಟ್ಟು ಗಟ್ಟಿಯಲ್ಲ, ಗಾಳಿ ತುಂಬಿಕೊಂಡು ನೀರಿನಂತೆ ಹರಿಯುತ್ತದೆ. ಸಲಾಕೆ ಹಾಕಿ ಬಿಡಿಸುವಾಗ ಕೆಳಗಿನ ಕಿಂಡಿ ಮುಚ್ಚದೆ ಇದ್ದರೆ ಅಥವಾ ಕೆಳಗೆ ಆಳಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಿಲ್ನ್ ನಿಲ್ಲುತ್ತದೆ. ಸ್ವಚ್ಛ ಮಾಡಿ, ಮತ್ತೆ ಹೊತ್ತಿಸಿ, ಒಳಗಿನ ಇಟ್ಟಿಗೆ ಒಡೆಯದಂತೆ ನಿಧಾನ ಬಿಸಿ ಏರಿಸಲು ಒಂದು ದಿನಕ್ಕೂ ಮೇಲೆ. ಆ ಹೊತ್ತಿನಲ್ಲಿ ಉರಿ ಹದಕ್ಕೆ ಬಂದಿರುವುದಿಲ್ಲ, ಚಿಮಣಿಯಲ್ಲಿ ಕಪ್ಪು ಎಳೆ ಕಾಣುವುದು ಆಗಲೇ. ನೀವು ಬುಧವಾರ ನೋಡಿದ ಹೊಗೆಯ ಬೇರು ಸೋಮವಾರ ಗೇಟಿನಲ್ಲಿ ಬಿಟ್ಟುಕೊಂಡ ಒಂದು ಲಾರಿಯಲ್ಲಿ ಇರಬಹುದು.

ಎಷ್ಟು ಕ್ಲೋರಿನ್ ತಡೆದೀತು? ಒಂದು ಟನ್ ಕ್ಲಿಂಕರಿಗೆ ಎಲ್ಲ ಮೂಲಗಳಿಂದ ಸೇರಿ 300 ಗ್ರಾಂ ಹತ್ತಿರ ಬಂತೆಂದರೆ ತೊಂದರೆ ಶುರು ಎಂಬುದು ಕಿಲ್ನಿನವರ ಅಂದಾಜು ಗೆರೆ. 73 ಟನ್ ಆರ್‌ಡಿಎಫ್‌ನಲ್ಲಿ ಕ್ಲೋರಿನ್ ನೂರಕ್ಕೆ 1 ಇದ್ದರೆ ದಿನಕ್ಕೆ 730 ಕಿಲೋ, ಅಂದರೆ ಟನ್ ಕ್ಲಿಂಕರಿಗೆ 243 ಗ್ರಾಂ. ಕಲ್ಲು, ಕಲ್ಲಿದ್ದಲು ತರುವುದು ಬೇರೆ. ಅಲ್ಲಿಗೆ ಗೆರೆ ಮುಟ್ಟಿದಂತೆ. ಆದ್ದರಿಂದ ನಾವು ಗೇಟಿನಲ್ಲಿ ಹಾಕಿಕೊಂಡ ಮಿತಿ ನೂರಕ್ಕೆ 0.7.

ಇಷ್ಟು ಕ್ಲೋರಿನ್ ಬರುವುದು ಮುಖ್ಯವಾಗಿ ಪಿವಿಸಿಯಿಂದ, ಜೊತೆಗೆ ಊಟದ ಉಳಿಕೆಯ ಉಪ್ಪಿನಿಂದ. ಶುದ್ಧ ಪಿವಿಸಿಯ ತೂಕದಲ್ಲಿ ನೂರಕ್ಕೆ 57 ಪಾಲು ಕ್ಲೋರಿನ್ನೇ. ಒಂದು ಟನ್ ಆರ್‌ಡಿಎಫ್‌ನಲ್ಲಿ ಹತ್ತು ಕಿಲೋ ಪಿವಿಸಿ ಸೇರಿದರೂ 5.7 ಕಿಲೋ ಆಯಿತು. ಒಡೆದ ಬೋರ್‌ವೆಲ್ ಪೈಪು, ರೆಕ್ಸಿನ್, ವೈರಿನ ಹೊದಿಕೆ, ಕೆಲವು ಚಪ್ಪಲಿಗಳ ಅಟ್ಟೆ. ಎಲ್ಲಕ್ಕಿಂತ ಹೆಚ್ಚು ತಲೆನೋವು ಫ್ಲೆಕ್ಸ್ ಬ್ಯಾನರ್. ನಾಯಕರ ಹುಟ್ಟುಹಬ್ಬದ ಮರುದಿನ ಕಂಬದಿಂದ ಇಳಿದ ಬ್ಯಾನರು ಚೂರಾಗಿ ಆರ್‌ಡಿಎಫ್‌ನಲ್ಲಿ ಬಂದು ನಮ್ಮ ಸೈಕ್ಲೋನಿನಲ್ಲಿ ಕೂರುತ್ತದೆ. ಚುನಾವಣೆ ಮುಗಿದ ತಿಂಗಳು ಲ್ಯಾಬಿನವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಹನಿ ನೀರಾವರಿಯ ಕರಿ ಕೊಳವೆ ಹಾಗಲ್ಲ, ಅದು ಪಾಲಿಥೀನ್, ಕ್ಲೋರಿನ್ ಇಲ್ಲ; ಆದರೆ ಅದಕ್ಕೆ ಗುಜರಿಯಲ್ಲಿ ಬೆಲೆ ಇದೆ, ಸುಡುವುದು ದಂಡ.

ಗೇಟಿನಲ್ಲಿ ಇದನ್ನು ಹಿಡಿಯುವ ಅಗ್ಗದ ಉಪಾಯ ಒಂದಿದೆ. ರಾಶಿಯಿಂದ ಅನುಮಾನದ ತುಂಡು ತೆಗೆದು ನೀರಿನ ಬಕೆಟ್ಟಿಗೆ ಹಾಕಿ. ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ, ಪಿವಿಸಿ ಮುಳುಗುತ್ತದೆ. ಮುಳುಗಿದ್ದೆಲ್ಲ ಪಿವಿಸಿ ಅಲ್ಲ, ನೀರಿನ ಬಾಟಲಿಯ ಪ್ಲಾಸ್ಟಿಕ್ಕೂ ಮುಳುಗುತ್ತದೆ. ಅದಕ್ಕೆ ಎರಡನೇ ಹೆಜ್ಜೆ: ತಾಮ್ರದ ತಂತಿಯನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಸಿ, ಜ್ವಾಲೆಯಲ್ಲಿ ಬೇರೆ ಬಣ್ಣ ಇಲ್ಲ ಎಂದು ನೋಡಿಕೊಂಡು, ಆ ತುಂಡಿಗೆ ಮುಟ್ಟಿಸಿ, ತಂತಿಗೆ ಹತ್ತಿದ ಚೂರನ್ನು ಮತ್ತೆ ಉರಿಗೆ ಹಿಡಿಯುವುದು. ಹಸಿರು ಪದ ದೂರ ಇಡುತ್ತೇವೆ ಎಂದಿದ್ದೆವು, ಇಲ್ಲಿ ಒಂದು ಸಲ ಬರಲೇಬೇಕು: ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ, ಲಾರಿ ವಾಪಸ್. ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ ಮಾಡುವ ಪರೀಕ್ಷೆ ಇದು. ಆ ಹೊಗೆ ಮೂಗಿಗೆ ಎಳೆಯುವಂಥದ್ದಲ್ಲ. ಎಷ್ಟು ಪ್ರಮಾಣ ಎಂದು ಇದು ಹೇಳುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು. ಆದರೆ ಡ್ರೈವರ್, ಕಳುಹಿಸಿದವರು, ನಾವು, ನೀವು ನಾಲ್ಕೂ ಜನ ನಿಂತು ಒಟ್ಟಿಗೆ ನೋಡಬಹುದಾದ ಪರೀಕ್ಷೆ ಇದೊಂದೇ.

ಏನೇ ಆದರೂ ತೆಗೆದುಕೊಳ್ಳದ ಸರಕು: ಆಸ್ಪತ್ರೆ ತ್ಯಾಜ್ಯ, ಎಲೆಕ್ಟ್ರಾನಿಕ್ ತ್ಯಾಜ್ಯ, ಬ್ಯಾಟರಿ, ಕಲ್ನಾರು, ಸ್ಫೋಟಕ, ಆಮ್ಲ, ಬೇರ್ಪಡಿಸದ ಊರ ಕಸ. ಟ್ಯೂಬ್‌ಲೈಟ್, ಥರ್ಮಾಮೀಟರ್‌ಗಳ ಪಾದರಸದ ಬಗ್ಗೆ ಬೇರೆಯಾಗಿ ಹೇಳಬೇಕು. ಸೀಸ, ಕ್ರೋಮಿಯಂನಂಥ ಲೋಹಗಳು ಬಹುಮಟ್ಟಿಗೆ ಕ್ಲಿಂಕರಿನಲ್ಲಿ ಬಂಧಿಯಾಗುತ್ತವೆ, ಪಾದರಸ ಆಗುವುದಿಲ್ಲ. ಆವಿಯಾಗಿ ಹೊರಟೇ ಹೋಗುತ್ತದೆ. ಅದನ್ನು ಕಿಲ್ನ್ ತಡೆಯುವುದಿಲ್ಲ, ಗೇಟು ಮಾತ್ರ ತಡೆಯಬಲ್ಲದು.

ಗೇಟು ದಾಟಿದ ಸರಕು ಶೆಡ್ಡಿಗೆ ಹೋಗುತ್ತದೆ. ನಿಮಗೆ ನಿಜವಾದ ತೊಂದರೆ ಬರುವುದಾದರೆ ಹೆಚ್ಚಾಗಿ ಇಲ್ಲಿಂದಲೇ: ವಾಸನೆ, ನೊಣ, ಬೆಂಕಿ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುವಾಗ ಶೆಡ್ಡಿನ ಮೂಡಣ ದಿಕ್ಕಿನ ಮನೆಗಳಿಗೆ ಮೊದಲು ಗೊತ್ತಾಗುತ್ತದೆ. ನೆನೆದ ಕಾಗದ, ಬಟ್ಟೆ ಇರುವ ರಾಶಿ ತಿಪ್ಪೆಯಂತೆ ಒಳಗೊಳಗೇ ಬಿಸಿಯಾಗುತ್ತದೆ. ಮೇಲೆ ತಣ್ಣಗಿದ್ದು ಒಂದು ಮೀಟರ್ ಒಳಗೆ ಕೈ ಇಡಲಾಗದಷ್ಟು ಬಿಸಿ. ಲೋಡರ್ ಬಂದು ಬಗೆದಾಗ ಗಾಳಿ ಸಿಕ್ಕು ಹೊತ್ತುತ್ತದೆ. ಅದಕ್ಕೆ ರಾಶಿ ಮೂರು ಮೀಟರಿಗಿಂತ ಎತ್ತರ ಇರಬಾರದು, ಮೊದಲು ಬಂದದ್ದು ಮೊದಲು ಹೋಗಬೇಕು, ವಾರಕ್ಕಿಂತ ಹಳೆಯದು ಉಳಿಯಬಾರದು, ಪ್ರತಿ ಪಾಳಿಯಲ್ಲಿ ಉದ್ದನೆಯ ಥರ್ಮಾಮೀಟರ್ ಚುಚ್ಚಿ ಬಿಸಿ ಬರೆದಿಡಬೇಕು. ಆಟಿಕೆ, ಮೊಬೈಲಿನ ಲಿಥಿಯಂ ಬ್ಯಾಟರಿ ಒಂದು ನುಸುಳಿ ಶ್ರೆಡ್ಡರಿನ (ಸರಕು ಚೂರು ಮಾಡುವ ಯಂತ್ರದ) ಹಲ್ಲಿಗೆ ಸಿಕ್ಕರೆ ಕಿಡಿ ಅಲ್ಲೇ ಹುಟ್ಟುತ್ತದೆ.

ಶೆಡ್ಡಿನ ದೊಡ್ಡ ಅಪಾಯ ಬೇರೆ ಇದೆ. ಒಳಗಿನ ಇಟ್ಟಿಗೆ ಬದಲಿಸಲು ಕಿಲ್ನ್ ವಾರಗಟ್ಟಲೆ ನಿಲ್ಲುವುದುಂಟು. ನಗರದ ಕಸ ಮಾತ್ರ ನಿಲ್ಲುವುದಿಲ್ಲ, ಲಾರಿಗಳು ಬರುತ್ತಲೇ ಇರುತ್ತವೆ. ಆಗ ‘ಬಂದದ್ದು ಬರಲಿ, ಮೂಲೆಗೆ ಹಾಕಿ’ ಎಂಬ ಮಾತು ಹುಟ್ಟಿದರೆ ಕೆಟ್ಟಿತು. ನಿಲುಗಡೆಗೆ ನಾಲ್ಕು ದಿನ ಮೊದಲೇ ಲಾರಿ ನಿಲ್ಲಿಸಿ, ಕಿಲ್ನ್ ನಿಲ್ಲುವ ಹೊತ್ತಿಗೆ ಶೆಡ್ಡು ಖಾಲಿಯಾಗಿರಬೇಕು. ಕಿಲ್ನ್ ನಿಂತ ವಾರದಲ್ಲಿ ಆರ್‌ಡಿಎಫ್ ಲಾರಿ ನಿಮ್ಮ ಊರು ಹಾದು ಬಂದರೆ ಫೋಟೊ ತೆಗೆದಿಡಿ.

ಶೆಡ್ಡಿನಿಂದ ಕ್ಯಾಲ್ಸೈನರ್‌ವರೆಗಿನ ದಾರಿ ಬೇಗ ಹೇಳಿ ಮುಗಿಸುತ್ತೇವೆ. ಶ್ರೆಡ್ಡರ್ 50 ಮಿಲಿಮೀಟರಿಗೆ ಕತ್ತರಿಸುತ್ತದೆ, ಅಯಸ್ಕಾಂತ ಮೊಳೆ ತಂತಿ ಎತ್ತುತ್ತದೆ, ತೂಕದ ಬೆಲ್ಟು ಅಳೆಯುತ್ತದೆ, ಒಂದರ ಕೆಳಗೊಂದು ಇರುವ ಮೂರು ಕದಗಳ ಮೂಲಕ ಸರಕು ಒಳಗೆ ಬೀಳುತ್ತದೆ. ಒಂದು ಕದ ತೆರೆದಾಗ ಉಳಿದವು ಮುಚ್ಚಿರಬೇಕು, ಇಲ್ಲವಾದರೆ ಹೊರಗಿನ ತಣ್ಣನೆ ಗಾಳಿ ನುಗ್ಗಿ ಬಿಸಿ ಇಳಿಯುತ್ತದೆ. ಇಲ್ಲಿ ಕಾಡುವುದು ಹಳೆ ಸೀರೆ ಮತ್ತು ನೈಲಾನ್ ಹಗ್ಗ. ಆರು ಗಜದ ಸೀರೆ ಶ್ರೆಡ್ಡರಿನ ದಂಡಕ್ಕೆ ಸುತ್ತಿಕೊಂಡರೆ ಹಲ್ಲುಗಳೆಲ್ಲ ಬಟ್ಟೆಯೊಳಗೆ ಮುಚ್ಚಿಹೋಗುತ್ತವೆ. ಕರೆಂಟು ತೆಗೆದು, ಬೀಗ ಹಾಕಿ, ಚಾಕುವಿನಿಂದ ಕೊಯ್ದು ಬಿಡಿಸಬೇಕು. ನೇಕಾರರ ಜಿಲ್ಲೆಯಲ್ಲವೇ, ನಮ್ಮ ಸೀರೆಗಳು ಗಟ್ಟಿ. ಇಷ್ಟಕ್ಕೂ ಮುಖ್ಯವಾದ ಮಾತು ಇನ್ನೊಂದು ಬೀಗದ್ದು, ಬೆಲ್ಟನ್ನು ತಾನಾಗಿ ನಿಲ್ಲಿಸುವ ಇಂಟರ್‌ಲಾಕಿನದು: ಕ್ಯಾಲ್ಸೈನರ್ 850 ಡಿಗ್ರಿಗಿಂತ ಕೆಳಗಿಳಿದರೆ, ಕಾರ್ಬನ್ ಮಾನಾಕ್ಸೈಡ್ ಮಿತಿ ದಾಟಿದರೆ, ದೊಡ್ಡ ಫ್ಯಾನ್ ನಿಂತರೆ, ಕರೆಂಟು ಹೋದರೆ ಆರ್‌ಡಿಎಫ್ ಬೆಲ್ಟ್ ತಾನಾಗಿ ನಿಲ್ಲಬೇಕು. ಕಿಲ್ನ್ ಹೊತ್ತಿಸುವಾಗ, ಆರಿಸುವಾಗ ಕಸದ ಇಂಧನ ಹಾಕುವುದೇ ಇಲ್ಲ. ಈ ಬೀಗವನ್ನು ಕೈಯಿಂದ ತಪ್ಪಿಸಲು ಸಾಧ್ಯವೇ ಎಂದು ನೀವು ಕೇಳಬೇಕು. ಸಾಧ್ಯವಿದೆ, ತಪ್ಪಿಸಿದರೆ ಕಂಪ್ಯೂಟರಿನಲ್ಲಿ ಹೊತ್ತು, ಹೆಸರು ಸಹಿತ ದಾಖಲಾಗುತ್ತದೆ. ಆ ದಾಖಲೆ ಕೇಳಿ.

ಇನ್ನು ಚಿಮಣಿ. ಇಂಥ ಇಂಧನ ಬಳಸುವ ಸಿಮೆಂಟ್ ಕಿಲ್ನಿಗೆ ಕೇಂದ್ರ ಪರಿಸರ ಸಚಿವಾಲಯ 2016ರ ಮೇ ತಿಂಗಳಲ್ಲಿ ಬೇರೆ ಮಿತಿಗಳನ್ನು ಹಾಕಿತು. ಒಂದು ಘನ ಮೀಟರ್ ಅನಿಲದಲ್ಲಿ ಧೂಳು 30 ಮಿಲಿಗ್ರಾಂ, ಹೈಡ್ರೋಕ್ಲೋರಿಕ್ ಆಮ್ಲ 10, ಪಾದರಸ 0.05, ಡಯಾಕ್ಸಿನ್-ಫ್ಯೂರಾನ್ ಎಂಬ ವಿಷಗಳು 0.1 ನ್ಯಾನೋಗ್ರಾಂ. ಧೂಳು, ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡುಗಳನ್ನು ಚಿಮಣಿಯಲ್ಲಿರುವ ಯಂತ್ರ ಹಗಲು ರಾತ್ರಿ ಅಳೆದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಂಪ್ಯೂಟರಿಗೆ ಕಳುಹಿಸುತ್ತದೆ. ಗೇಟಿನ ಪರದೆಯ ಮೇಲೆ ನೀವು ನೋಡುವ ಅಂಕಿ ಅವು. ಡಯಾಕ್ಸಿನ್, ಪಾದರಸ ಆ ಪರದೆಯಲ್ಲಿ ಇರುವುದಿಲ್ಲ. ಅವನ್ನು ಹೊರಗಿನ ಪ್ರಯೋಗಾಲಯದವರು ಬಂದು ಚಿಮಣಿ ಹತ್ತಿ ಮಾದರಿ ತೆಗೆದು ಅಳೆಯಬೇಕು, ಅದೂ ವರ್ಷಕ್ಕೊಮ್ಮೆ. ಪರದೆಯಲ್ಲಿ ಎಲ್ಲ ಸರಿ ಇದೆ ಎಂದು ಯಾರಾದರೂ ಡಯಾಕ್ಸಿನ್ ಪ್ರಶ್ನೆಯನ್ನು ತಳ್ಳಿಹಾಕಿದರೆ ಒಪ್ಪಬೇಡಿ.

ಡಯಾಕ್ಸಿನ್ ಉರಿಯ ನಡುವೆ ಉಳಿಯುವುದಿಲ್ಲ. ಅನಿಲ ತಣ್ಣಗಾಗುತ್ತ 450ರಿಂದ 200 ಡಿಗ್ರಿಯ ನಡುವೆ ನಿಧಾನ ಮಾಡಿದರೆ ಹೊಸದಾಗಿ ಹುಟ್ಟುತ್ತದೆ. ಪ್ರೀಹೀಟರಿನ (ಸೈಕ್ಲೋನುಗಳ ಗೋಪುರದ) ತಲೆಯಿಂದ ಹೊರಡುವ ಅನಿಲ 300 ಡಿಗ್ರಿಯ ಆಸುಪಾಸು ಇರುತ್ತದೆ, ಅಂದರೆ ಸರಿಯಾಗಿ ಆ ಬಿಸಿಗಳ ನಡುವೆಯೇ. ಅದಕ್ಕೆ ನೀರು ಸಿಂಪಡಿಸುವ ಟವರಿನಲ್ಲೋ, ಕಲ್ಲು ಅರೆಯುವ ರಾ ಮಿಲ್‌ನಲ್ಲೋ ಬೇಗ 200ರ ಕೆಳಗೆ ಇಳಿಸಬೇಕು. ಟವರಿನ ನಳಿಕೆಗಳು ಸುಣ್ಣ ಕಟ್ಟಿ ಮುಚ್ಚಿದರೆ ಈ ಕೆಲಸ ಕೆಡುತ್ತದೆ. ಅವನ್ನು ತೆಗೆದು ತೊಳೆಯುವ ದಿನಚರಿ ಇರಬೇಕು. ಇದೇ ಕಾರಣಕ್ಕೆ ಎಣ್ಣೆ, ಪ್ಲಾಸ್ಟಿಕ್ ಅಂಶ ಇರುವ ಯಾವ ಕಸವನ್ನೂ ಕಲ್ಲಿನ ಜೊತೆ ರಾ ಮಿಲ್‌ಗೆ ಹಾಕುವಂತಿಲ್ಲ. ಅಲ್ಲಿ ಉರಿ ಇಲ್ಲ, ಬೆಚ್ಚಗಿನ ಗಾಳಿ ಮಾತ್ರ. ಆವಿಯಾದದ್ದು ನೇರ ಚಿಮಣಿಗೆ. ಇನ್ನೊಂದು ಒಳಗುಟ್ಟು: ರಾ ಮಿಲ್ ಓಡುವಾಗ ಕಲ್ಲಿನ ಹಿಟ್ಟು ಪಾದರಸ, ಗಂಧಕಗಳನ್ನು ಸಾಕಷ್ಟು ಹೀರಿಕೊಳ್ಳುತ್ತದೆ, ಮಿಲ್ ನಿಂತ ಹೊತ್ತಿನಲ್ಲಿ ಅಂಕಿ ಏರುತ್ತದೆ. ವರ್ಷದ ಪರೀಕ್ಷೆ ಮಿಲ್ ಓಡುವ ದಿನ ಮಾತ್ರ ನಡೆದಿದ್ದರೆ ಅದು ಅರ್ಧ ಪರೀಕ್ಷೆ. ವರದಿಯಲ್ಲಿ ‘ಮಿಲ್ ಆನ್’, ‘ಮಿಲ್ ಆಫ್’ ಎರಡೂ ಇವೆಯೇ, ಆ ದಿನ ಎಷ್ಟು ಟನ್ ಆರ್‌ಡಿಎಫ್ ಹೋಗುತ್ತಿತ್ತು ಎಂದು ಬರೆದಿದೆಯೇ, ನೋಡಿ. ಆರ್‌ಡಿಎಫ್ ನಿಲ್ಲಿಸಿ ಮಾಡಿದ ಪರೀಕ್ಷೆಯ ಕಾಗದಕ್ಕೆ ಕಡಲೆ ಕಟ್ಟಿಕೊಳ್ಳಬಹುದು.

ಕಬ್ಬಿನ ಎಲೆ ಮೇಲೆ ಕೂರುವ ಬಿಳಿ ಧೂಳು ಹೆಚ್ಚಾಗಿ ಚಿಮಣಿಯದಲ್ಲ. ಅದು ಗಣಿ ಹಾದಿಯದು, ಕ್ರಷರಿನದು. ಆರ್‌ಡಿಎಫ್ ಬಂದರೂ ಬಾರದಿದ್ದರೂ ಅದು ನಮ್ಮ ಹಳೆಯ ಬಾಕಿ, ಅದಕ್ಕೆ ನೀರು ಹೊಡೆಯುವುದು ಬಿಟ್ಟು ಬೇರೆ ನೆಪ ಇಲ್ಲ.

ಮೂರು ಪ್ರಶ್ನೆ ಮತ್ತೆ ಮತ್ತೆ ಬರುತ್ತವೆ. ಕಸದ ಸಿಮೆಂಟಿಗೆ ಬಲ ಇರುತ್ತದೆಯೇ? 73 ಟನ್ನಿನಿಂದ ಸುಮಾರು 11 ಟನ್ ಬೂದಿ 3000 ಟನ್ ಕ್ಲಿಂಕರಿನಲ್ಲಿ ಸೇರುತ್ತದೆ; ಅದರಲ್ಲಿ ಮರಳಿನ ಅಂಶ ಹೆಚ್ಚು, ಅಷ್ಟಕ್ಕೆ ತಕ್ಕಂತೆ ಲ್ಯಾಬಿನವರು ಸುಣ್ಣದಕಲ್ಲು ಹೆಚ್ಚಿಸುತ್ತಾರೆ. ನೋಡಬೇಕಾದದ್ದು ಕ್ಲೋರೈಡ್, ಏಕೆಂದರೆ ಅದು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಸಿಮೆಂಟಿನಲ್ಲಿ ಅದು ನೂರಕ್ಕೆ 0.1 ದಾಟಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಎರಡನೆಯದು: ನಮ್ಮ ರವದಿ (ಕಬ್ಬಿನ ಒಣಗರಿ) ಕೊಂಡುಕೊಳ್ಳಿ, ಹೊಲದಲ್ಲಿ ಸುಡುವುದಾದರೂ ತಪ್ಪುತ್ತದೆ. ಕೇಳಲು ಚಂದ. ಆದರೆ ರವದಿಯಲ್ಲಿ ನೀವು ಹಾಕಿದ ಪೊಟ್ಯಾಶ್ ಇರುತ್ತದೆ, ಕ್ಲೋರಿನ್ ಸಮೇತ. ನಮ್ಮ ಸೈಕ್ಲೋನಿಗೆ ಅದೇ ಅಂಟು. ಪೆಂಡಿ ಕಟ್ಟದೆ ಸಾಗಿಸಿದರೆ ಲಾರಿ ಬಾಡಿಗೆಯೂ ಹುಟ್ಟುವುದಿಲ್ಲ. ಸಾಲಿನ ನಡುವೆ ಹಾಸಿ ಕೊಳೆಸುವುದೇ ಹೊಲಕ್ಕೆ ಲಾಭ, ಇಂಧನ ಕೊಳ್ಳುವ ನಾವೇ ಇದನ್ನು ಹೇಳುತ್ತಿದ್ದೇವೆ. ಮೂರನೆಯದು: 10ರಿಂದ ಮೇಲೆ ಹೋಗುತ್ತೀರಾ? ಸದ್ಯ ಇಲ್ಲ. ಮೇಲೆ ಹೋಗಬೇಕೆಂದರೆ ಕ್ಲೋರಿನ್ ತುಂಬಿದ ಅನಿಲದ ಒಂದು ಪಾಲನ್ನು ಹೊರಗೆಳೆಯುವ ಬೈಪಾಸ್ ಕಟ್ಟಬೇಕು. ಅದರಿಂದ ಉಪ್ಪು ತುಂಬಿದ ಧೂಳು ಹುಟ್ಟುತ್ತದೆ; ಮಳೆಗೆ ಬಿಟ್ಟರೆ ಕರಗಿ ಹಳ್ಳ ಸೇರುತ್ತದೆ. ಅದನ್ನು ಎಲ್ಲಿ ಇಡುತ್ತೇವೆ ಎಂದು ತೋರಿಸದೆ ಬೈಪಾಸ್ ಮಾತು ಎತ್ತಿದರೆ ನೀವು ಒಪ್ಪಬಾರದು.

ಗೇಟಿನ ಹೊರಗಿನ ಗೋಡೆಗೆ ಕಪ್ಪು ಹಲಗೆ ಹಾಕುತ್ತೇವೆ. ಹಿಂದಿನ ದಿನ ಬಂದ ಲಾರಿ, ವಾಪಸ್ ಕಳಿಸಿದ ಲಾರಿ, ಕಾರಣ, ತೇವ, ಕ್ಲೋರಿನ್, ಕಿಲ್ನಿಗೆ ಹೋದ ಟನ್, ಬೆಲ್ಟ್ ತಾನಾಗಿ ನಿಂತ ಸಲ, ಶೆಡ್ಡಿನಲ್ಲಿ ಉಳಿದ ದಾಸ್ತಾನು. ಸೀಮೆಸುಣ್ಣದಲ್ಲಿ, ಬೆಳಿಗ್ಗೆ ಎಂಟರೊಳಗೆ. ಇವುಗಳಲ್ಲಿ ಒಂದೇ ಅಂಕಿ ನೋಡಲು ಹೊತ್ತಿದ್ದರೆ ವಾಪಸ್ ಹೋದ ಲಾರಿಯ ಅಂಕಿ ನೋಡಿ. ಇಡೀ ತಿಂಗಳು ಅಲ್ಲಿ ಸೊನ್ನೆ ಇದ್ದರೆ ಒಳ್ಳೆಯ ಸರಕು ಬರುತ್ತಿದೆ ಎಂದು ಸಮಾಧಾನಪಡಬೇಡಿ. ಇಷ್ಟು ಊರುಗಳ ಕಸದಲ್ಲಿ ತಿಂಗಳಿಗೆ ಒಂದು ಲಾರಿಯೂ ಕೆಟ್ಟದ್ದು ಬರಲಿಲ್ಲ ಎನ್ನುವುದನ್ನು ನಾವೇ ನಂಬುವುದಿಲ್ಲ.

ಹೊಗೆಯೋ ವಾಸನೆಯೋ ಕಂಡರೆ ದಿನ, ಹೊತ್ತು, ಗಾಳಿ ಬೀಸಿದ ದಿಕ್ಕು, ಹೊಗೆಯ ಬಣ್ಣ ಬರೆದು ಗೇಟಿನ ದೂರು ಪುಸ್ತಕದಲ್ಲಿ ದಾಖಲಿಸಿ. ಹೊತ್ತು ಗೊತ್ತಿದ್ದರೆ ಆ ನಿಮಿಷದ ಕಂಟ್ರೋಲ್ ರೂಮ್ ದಾಖಲೆ ತೆಗೆದು ಎದುರಿಗೆ ಇಡಬಹುದು. ನಮ್ಮ ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಬರಹವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ. ಮಾದರಿ ತೆಗೆಯುವುದನ್ನು ಕಣ್ಣಾರೆ ನೋಡಬೇಕೆಂದಿರುವವರು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ಬನ್ನಿ, ಲಾರಿಗಳು ಆಗ ಸಾಲು ಹಚ್ಚಿರುತ್ತವೆ. ಹೆಲ್ಮೆಟ್, ಬೂಟು ಗೇಟಿನಲ್ಲಿ ಸಿಗುತ್ತವೆ. ಅನುಮಾನದ ಪ್ಲಾಸ್ಟಿಕ್ ತುಂಡೇನಾದರೂ ನಿಮ್ಮ ಹತ್ತಿರ ಇದ್ದರೆ ತನ್ನಿ, ತಾಮ್ರದ ತಂತಿ ನಮ್ಮಲ್ಲಿದೆ.

ಇಂತಿ,
ಕಿಲ್ನ್, ಲ್ಯಾಬ್ ಮತ್ತು ಪರಿಸರ ವಿಭಾಗದ ನೌಕರರು